ಕರೆಗಂಟೆಯೊಳಗಿನ ಕನ್ನಡ

ಬಾಗಿಲ ಪಕ್ಕ ನೀವು ಹಾಕಿಸಿಕೊಂಡಿರುವ ಕ್ಯಾಮೆರಾ ಗಂಟೆಗೆ ಕಣ್ಣೊಂದೇ ಅಲ್ಲ, ಬಾಯಿಯೂ ಇದೆ. ಮಹಡಿಯ ಮೇಲಿಂದಲೋ ಆಫೀಸಿನ ಕುರ್ಚಿಯಿಂದಲೋ ಫೋನಿನ ಗುಂಡಿ ಒತ್ತಿ ನೀವು ಆಡಿದ್ದೆಲ್ಲ ಮೆಟ್ಟಿಲ ಮೇಲೆ ನಿಂತವರಿಗೆ ಕೇಳಿಸುತ್ತದೆ. ಕೊಂಡ ದಿನವೇ ಡಬ್ಬದ ಮೇಲೆ ಬರೆದಿತ್ತು, ನೀವು ಓದಲಿಲ್ಲ. ಓದಿದ್ದರೂ ಇಲ್ಲಿ ಅಮೆರಿಕದಲ್ಲಿರುವ ನಮ್ಮ ಜನಕ್ಕೆ ಒಂದು ಧೈರ್ಯ ಇದ್ದೇ ಇದೆ: ಕನ್ನಡದಲ್ಲಿ ಆಡಿದರೆ ಯಾರಿಗೆ ತಿಳಿಯುತ್ತದೆ? ಪ್ಲಂಬರ್ ಎದುರಿಗೆ, ಮಕ್ಕಳ ಡೇಕೇರ್ ಟೀಚರ್ ಎದುರಿಗೆ, ಗ್ರೋಸರಿಯ ಸಾಲಿನಲ್ಲಿ ಮುಂದೆ ನಿಂತವರ ಬೆನ್ನಿಗೆ ನಾವು ಕನ್ನಡ ಬಳಸುವುದು ಕಾರಿಗೆ ಕಪ್ಪು ಗಾಜು ಹಾಕಿಸಿದ ಹಾಗೆ. ನಮಗೆ ಎಲ್ಲರೂ ಕಾಣುತ್ತಾರೆ, ನಾವು ಯಾರಿಗೂ ಕಾಣುವುದಿಲ್ಲ.

ಆ ಗಾಜಿನಾಚೆ ಈ ಸೆಪ್ಟೆಂಬರಿನಲ್ಲಿ ನಿಂತವಳ ಹೆಸರು ನಿಸರ್ಗಾ. ಬೆಂಗಳೂರಿನ ಸುಂಕದಕಟ್ಟೆಯವಳು. ಇಪ್ಪತ್ತರ ಪ್ರಾಯ. ಮಾರ್ಮನ್ ಎಂಬ ಅಮೆರಿಕದ ಕ್ರೈಸ್ತ ಪಂಥದ ಮಿಷನರಿ.

ಮಿಷನರಿ ಎಂದ ಕೂಡಲೇ ನಿಮ್ಮ ಹುಬ್ಬು ಗಂಟಾಯಿತಲ್ಲವೇ? ಆಗಲಿ. ದೇವರನ್ನು ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಬರುವವರ ಮೇಲೆ ನನಗೂ ಅಂಥ ಮಮತೆಯೇನಿಲ್ಲ. ನಿಮ್ಮನ್ನು ಯಾವ ಚರ್ಚಿಗೂ ಕಳಿಸಲು ನಾನು ಇದನ್ನು ಬರೆಯುತ್ತಿಲ್ಲ. ಸುಮ್ಮನೆ ಓದಿ.

ಅವಳ ಅಪ್ಪ ಹನುಮಂತರಾಜು ಸುಂಕದಕಟ್ಟೆಯ ಮುಖ್ಯರಸ್ತೆಯಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವರು. ಅಂಗಡಿಯ ಮುಂದೆ ಒಂದು ಮಣ್ಣಿನ ಹೂಜಿ, ಅದರ ಮೇಲೆ ಬೋರಲು ಹಾಕಿದ ಸ್ಟೀಲ್ ಲೋಟ. ಲೋಟಕ್ಕೆ ಸರಪಳಿ ಕಟ್ಟಿಲ್ಲವಲ್ಲ, ಕದ್ದುಕೊಂಡು ಹೋದರೆ ಎಂದು ಯಾರಾದರೂ ಕೇಳಿದರೆ, "ಲೋಟ ಕದಿಯೋನ ಮನೇಲಿ ಲೋಟ ಇರಲ್ಲ ಬುಡಿ ಸ್ವಾಮಿ, ಒಯ್ಲಿ" ಎನ್ನುವ ಮನುಷ್ಯ. ಹೆಂಡತಿ ಸ್ನೇಹಲತಾ ಬ್ಲೌಸ್ ಹೊಲಿಯುತ್ತಾರೆ. ಇಂಗ್ಲಿಷ್ ಕಲಿಯಲೆಂದು ಮಾರ್ಮನ್ ಚರ್ಚಿನ ತರಗತಿಗೆ ಹೋದವರು ಅಲ್ಲೇ ಸೇರಿಕೊಂಡರು. ಆಗ ಹೈಸ್ಕೂಲಿನಲ್ಲಿದ್ದ ಮಗಳೂ ಅಮ್ಮನ ಹಿಂದೆ ಹೋದಳು. ಹನುಮಂತರಾಜು ಹೋಗಲಿಲ್ಲ. ಅವರಿಗೆ ಶನಿವಾರ ಆಂಜನೇಯನ ಗುಡಿ, ವೀಳ್ಯದೆಲೆ ಹಾರ, ಅಷ್ಟೇ. ಒಮ್ಮೆ ಬಿಳಿ ಅಂಗಿ, ಟೈ ಹಾಕಿಕೊಂಡ ಇಬ್ಬರು ಹುಡುಗರು ಅವರನ್ನೂ ಸೇರಿಸಿಕೊಳ್ಳೋಣವೆಂದು ಅಂಗಡಿಗೆ ಬಂದರು. ಹನುಮಂತರಾಜು ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತು ಹೇಳಿದ್ದು ಇಷ್ಟು: "ಬ್ಯಾಡ ಸ್ವಾಮಿ. ನಂಗೆ ಆಂಜನೇಯ ಸಾಕು. ನೀವು ನೆರಳಿಗೆ ಬನ್ನಿ ಮೊದ್ಲು, ನೀರು ಕುಡೀರಿ." ಹುಡುಗರು ನೀರು ಕುಡಿದು ಹೋದರು. ಮತ್ತೆ ಬಂದು ಪೀಡಿಸಲೂ ಇಲ್ಲ. ದಾರಿಯಲ್ಲಿ ಸಿಕ್ಕಾಗಲೆಲ್ಲ ಕೈ ಎತ್ತಿ ನಮಸ್ಕಾರ ಮಾತ್ರ ಮಾಡುತ್ತಿದ್ದರು.

ಈ ಹನುಮಂತರಾಜು ಮಗಳ ಜೊತೆ ಮಾತು ಬಿಟ್ಟದ್ದು ಅವಳು ಮಿಷನರಿಯಾಗಿ ಹೊರಟಾಗ. ನಿಸರ್ಗಾ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ರೋಗಿಗಳ ಹೆಸರು ಕೂಗುವುದು, ಕಣ್ಣಿಗೆ ಹನಿ ಹಾಕುವುದು, ಕಣ್ಣು ಮಂಜಾದ ಮುದುಕರ ಕೈ ಹಿಡಿದು ಡಾಕ್ಟರ ಕೋಣೆಗೆ ಬಿಡುವುದು. ಅದನ್ನು ಬಿಟ್ಟು ಒಂದೂವರೆ ವರ್ಷ ದೇವರ ಸೇವೆ ಎಂದಳು. ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವುದು ಚರ್ಚಿನವರು. ಕ್ಯಾಲಿಫೋರ್ನಿಯಾದ ಬೇ ಏರಿಯಾ ಎಂದು ಬಂತು. ಅಪ್ಪ ಬೈಯಲಿಲ್ಲ. ಏರ್‌ಪೋರ್ಟಿಗೆ ಬಿಡಲು ಬಂದವರು ಕಾರು ಇಳಿಯಲಿಲ್ಲ. ಕಿಟಕಿಯ ಗಾಜು ಇಳಿಸಿ ಒಂದೇ ಮಾತು ಹೇಳಿದರು.

"ಅಲ್ಲಿ ನಮ್ಮೋರು ಜಾಸ್ತಿ ಅವ್ರೆ ಅಂತಲ್ಲ. ಹೊಟ್ಟೆ ತುಂಬಿದೋರು. ಅವ್ರಲ್ಲಿ ಒಂದು ಮನೆ, ಒಂದೇ ಒಂದು ಮನೆಯೋರು ಬಾಗ್ಲು ತೆಗೆದು ನೀರು ಕೊಟ್ರೆ ಹೇಳು, ಅವತ್ತು ಫೋನಿಗೆ ಬತ್ತೀನಿ. ಅಲ್ಲೀಗಂಟ ನಿಮ್ಮಮ್ಮನ ಜೊತೆ ಮಾತಾಡ್ಕೋ."

ಒಂದು ಬಾಗಿಲು, ಒಂದು ಲೋಟ ನೀರು. ಇಷ್ಟು ಸುಲಭದ ಪಂದ್ಯವೇ ಎಂದುಕೊಂಡು ನಿಸರ್ಗಾ ವಿಮಾನ ಹತ್ತಿದಳು. ಅವಳಿಗೆ ನಮ್ಮ ಪರಿಚಯ ಇರಲಿಲ್ಲ.

ಯೂನಿಯನ್ ಸಿಟಿಯ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ ಅವಳ ವಾಸ. ಅವಳ ಪಂಥದ ಮಿಷನರಿಗಳು ಒಂಟಿಯಾಗಿ ಎಲ್ಲಿಗೂ ಹೋಗುವಂತಿಲ್ಲ, ಯಾವಾಗಲೂ ಜೋಡಿ. ಜೋಡಿಯನ್ನು ತಾನೇ ಆರಿಸಿಕೊಳ್ಳುವಂತೆಯೂ ಇಲ್ಲ. ನಿಸರ್ಗಾಗೆ ಸಿಕ್ಕವಳು ಐಡಹೊ ರಾಜ್ಯದ ಆಲೂಗಡ್ಡೆ ಬೆಳೆಗಾರರ ಮಗಳು ಸಿಸ್ಟರ್ ಲಾರ್ಸನ್. ಹೊಂಬಣ್ಣದ ಜಡೆ, ಮೂಗಿನ ಮೇಲೆ ಬಿಸಿಲಿಗೆ ಸುಟ್ಟ ಚರ್ಮ, ಎಂದಿಗೂ ಆರದ ಉತ್ಸಾಹ. ಇಬ್ಬರೂ ಬೆಳಿಗ್ಗೆ ಬೇಗ ಎದ್ದು ಓದಿ, ಪ್ರಾರ್ಥನೆ ಮಾಡಿ, ಬಟ್ಟಲಿನಲ್ಲಿ ಹಾಲಿಗೆ ಒಣ ಸೀರಿಯಲ್ ಸುರಿದುಕೊಂಡು ತಿಂದು, ರಸ್ತೆಗಿಳಿಯಬೇಕು. ಕಾಫಿ ಇಲ್ಲ, ಟೀ ಇಲ್ಲ, ಅದು ಅವರ ಧರ್ಮದ ಕಟ್ಟಳೆ. ಹೆಸರೂ ಇಲ್ಲ. ಒಬ್ಬರನ್ನೊಬ್ಬರು ಕರೆಯುವುದು ಮನೆತನದ ಹೆಸರಿನಿಂದ. ನಮ್ಮ ಕಡೆ ಮನೆತನದ ಹೆಸರು ಎಲ್ಲಿಂದ ತರುವುದು? ಪಾಸ್‌ಪೋರ್ಟಿನಲ್ಲಿ ಆ ಜಾಗಕ್ಕೆ ಅಪ್ಪನ ಹೆಸರು ತುಂಬಿಸಿದ್ದರು. ಹೀಗಾಗಿ ನಿಸರ್ಗಾಳ ಎದೆಯ ಮೇಲಿನ ಕಪ್ಪು ಬಿಲ್ಲೆಯಲ್ಲಿ, ಯೇಸುಕ್ರಿಸ್ತನ ಹೆಸರಿನ ಮೇಲೆ, ಬಿಳಿಯ ಅಕ್ಷರದಲ್ಲಿ 'ಸಿಸ್ಟರ್ ಹನುಮಂತರಾಜು' ಎಂದಿತ್ತು. ಮಾತು ಬಿಟ್ಟ ಅಪ್ಪನನ್ನು ಎದೆಗೆ ಚುಚ್ಚಿಕೊಂಡು ಅವಳು ದಿನವಿಡೀ ನಡೆಯುತ್ತಿದ್ದಳು.

ಮಿಕ್ಕವರೆಲ್ಲ 'ಸಿಸ್ಟರ್ ಎಚ್' ಎಂದು ಮೊಟಕು ಮಾಡಿದರು. ಲಾರ್ಸನ್ ಒಬ್ಬಳೇ ಹಟ ಹಿಡಿದಳು. ನಡೆಯುವಾಗ ಹೆಜ್ಜೆಗೊಂದರಂತೆ ಹ, ನು, ಮನ್, ತ, ರಾ, ಜು ಎಂದು ಬಾಯಿಪಾಠ ಮಾಡಿಕೊಂಡು ಒಂದು ವಾರದಲ್ಲಿ ಪೂರ್ತಿ ಹೇಳಲು ಕಲಿತಳು. ಕೊನೆಯ 'ಜು' ಮಾತ್ರ ತುಸು ಉದ್ದವಾಗುತ್ತಿತ್ತು. "ಅಷ್ಟು ಎಳೀಬೇಡ, ನಮ್ಮಪ್ಪ ಗಿಡ್ಡ" ಎಂದು ನಿಸರ್ಗಾ ನಗಿಸುತ್ತಿದ್ದಳು.

ನಗು ಇದ್ದದ್ದು ಮೊದಲ ದಿನಗಳಲ್ಲಿ. ಆಮೇಲೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಒಡೆದಿತು. ಅದರ ಮೇಲೆ ಇನ್ನೊಂದು ಎದ್ದಿತು. ಇಲ್ಲಿ ಯಾರೂ ನಡೆಯದ ರಸ್ತೆಗಳು, ನೆರಳು ಕೊಡದ ಮರಗಳು, ಹುಲ್ಲು ಒಣಗಿ ಹಳದಿಯಾದ ಗುಡ್ಡಗಳು, ಎಲ್ಲಿಂದಲೋ ಫ್ರೀವೇಯ ಗುಂಯ್ ಸದ್ದು. ಬಾಟಲಿನ ನೀರು ಮಧ್ಯಾಹ್ನಕ್ಕೆ ಸ್ನಾನದ ನೀರಿನ ಹಾಗೆ. ಕಾಲಿಗಿಂತ ಹೆಚ್ಚು ನೋಯುತ್ತಿದ್ದದ್ದು ಕೆನ್ನೆ. ಪ್ರತಿ ಬಾಗಿಲಿಗೂ ಹೊಸ ನಗು ಬೇಕಲ್ಲ. ರಾತ್ರಿ ಮಲಗಿದರೆ ಮುಖದಲ್ಲಿ ನಗು ಹಾಗೇ ಗಟ್ಟಿಯಾಗಿ ಉಳಿದಂತೆ ಅನಿಸುತ್ತಿತ್ತಂತೆ.

ಬಾಗಿಲುಗಳು ತೆಗೆಯಲೇ ಇಲ್ಲ ಎಂದಲ್ಲ. ಯೂನಿಯನ್ ಸಿಟಿಯಲ್ಲಿ ಫಿಲಿಪೀನ್ಸ್‌ನ ಒಬ್ಬ ನರ್ಸು ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಾಗಿಲು ತೆಗೆದು, "ಧರ್ಮ ಬೇಡ, ಕೂತು ಅನ್ನ ತಿನ್ನಿ" ಎಂದು ತಟ್ಟೆ ಹಾಕಿದಳು. ಒಬ್ಬ ಮೆಕ್ಸಿಕನ್ ಅಜ್ಜಿ ಇಬ್ಬರ ಕೆನ್ನೆಗೂ ಮುತ್ತು ಕೊಟ್ಟು, ತನ್ನ ಗೋಡೆಯ ಮೇಲಿನ ಮೇರಿಮಾತೆಯನ್ನು ತೋರಿಸಿ ಬೈ ಹೇಳಿದಳು. ಫ್ರೀಮಾಂಟಿನಲ್ಲಿ ಆಫ್ಘನ್ ಮುದುಕರೊಬ್ಬರು ಟೀ ತಂದರು. ಇವರು ಕುಡಿಯುವುದಿಲ್ಲ ಎಂದಾಗ ಬೇಸರ ಮಾಡಿಕೊಳ್ಳದೆ ಒಳಗೆ ಹೋಗಿ ದಾಳಿಂಬೆ ಬಿಡಿಸಿ ತಂದರು. ಇವರಲ್ಲಿ ಯಾರೂ ಮಾರ್ಮನ್ ಆಗಲಿಲ್ಲ. ಯಾರಿಗೂ ನಷ್ಟವೂ ಆಗಲಿಲ್ಲ.

ನಮ್ಮ ಮನೆಗಳನ್ನು ಗುರುತಿಸುವುದು ನಿಸರ್ಗಾಗೆ ಕಷ್ಟವಿರಲಿಲ್ಲ. ಪ್ಲಾಸ್ಟಿಕ್ ತೋರಣ, ಸ್ಟಿಕರ್ ರಂಗೋಲಿ, ಹೊರಗೆ ಚಪ್ಪಲಿ ಗೂಡು, ಬಾಗಿಲ ಸಂದಿನಿಂದ ಇಂಗಿನ ಒಗ್ಗರಣೆ. ಆ ವಾಸನೆಗೆ ಅವಳ ಕಾಲು ತಾನಾಗಿಯೇ ಚುರುಕಾಗುತ್ತಿತ್ತು. ಲಾರ್ಸನ್ ಗಂಟೆ ಒತ್ತುವಳು. ಗಂಟೆಯ ಸುತ್ತ ನೀಲಿ ಬೆಳಕು ಸುತ್ತುವುದು. ಆಮೇಲೆ ಗಂಟೆ ಮಾತಾಡುವುದು.

"ಯಾರೇ ಅದು?"

"ಯೇಸು ಪಾರ್ಟಿ ಕಣ್ರೀ. ಸುಮ್ನಿರಿ, ಉಸಿರು ಬಿಡ್ಬೇಡಿ. ಯಾರೂ ಇಲ್ಲ ಅಂತ ಹೋಗ್ತಾರೆ."

"ಕುಕ್ಕರ್ ಕೂಗ್ತಾ ಇದೆಯಲ್ಲೇ. ಯಾರೂ ಇಲ್ಲ ಅಂತ ಅದಕ್ಕೂ ಹೇಳ್ಬಿಡು."

ಇದಕ್ಕೆ ನಿಸರ್ಗಾ ಮೆಟ್ಟಿಲ ಮೇಲೆಯೇ ಬಾಯಿ ಮುಚ್ಚಿಕೊಂಡು ನಕ್ಕಳು. ಇನ್ನೊಂದು ಮನೆಯ ಗಂಟೆಯಿಂದ ಮಂಗಳೂರಿನ ಕನ್ನಡ ಬಂತು: "ನಾವು ಹುಟ್ಟಾ ಕೆಥೊಲಿಕ್ ಮಾರಾಯ್ತಿ, ನಮ್ಮನ್ನು ಇನ್ನು ಎಂತ ಮಾಡ್ಲಿಕ್ಕುಂಟು ಇವರಿಗೆ?" ಅದೂ ನಗುವ ಮಾತೇ. ಆದರೆ ಎಲ್ಲವೂ ಹಾಗಿರಲಿಲ್ಲ. "ಬಿಳಿ ಹುಡುಗಿ ಜೊತೆ ನಮ್ದೊಂದು ಸ್ಯಾಂಪಲ್ ಪೀಸ್ ಕಳ್ಸಿದಾರೆ ನೋಡು, ಎಂಥಾ ಮಾರ್ಕೆಟಿಂಗು!" ಎಂದಿತು ಒಂದು ಗಂಟೆ. "ಇವಳಿಗೆ ಎಷ್ಟು ಕೊಟ್ಟಿರ್ತಾರೋ" ಎಂದಿತು ಇನ್ನೊಂದು. ಇದರ ನಂತರ ಇಂಗ್ಲಿಷಿನಲ್ಲಿ, ಬೆಣ್ಣೆಯಂಥ ದನಿಯಲ್ಲಿ, "ಸಾರಿ, ನಾಟ್ ಟುಡೇ."

"ಏನಂದರು?" ಎಂದು ಲಾರ್ಸನ್ ಕೇಳುತ್ತಿದ್ದಳು, ಪ್ರತಿ ಮನೆಯ ನಂತರವೂ, ನಿಜವಾದ ಕುತೂಹಲದಿಂದ.

"ಮನೇಲಿ ಹುಷಾರಿಲ್ಲವಂತೆ." "ಅತಿಥಿಗಳು ಬರ್ತಾರಂತೆ." "ಇನ್ನೊಂದು ದಿನ ಬನ್ನಿ ಅಂದರು." ಒಂದು ಮನೆಯ ಬೈಗುಳಕ್ಕೆ, "ನಮಗೆ ಒಳ್ಳೆಯದಾಗಲಿ ಅಂತ ಹಾರೈಸಿದರು" ಎಂದೂ ಹೇಳಿಬಿಟ್ಟಳು.

"ಎಷ್ಟು ಒಳ್ಳೆಯ ಜನ ನಿಮ್ಮವರು! ಬೇಡ ಅನ್ನೋಕೂ ಎಷ್ಟೊಂದು ಮಾತಾಡ್ತಾರೆ!" ಎಂದಳು ಲಾರ್ಸನ್.

ಗಮನಿಸಿ. ನಾವು ಯಾರ ಮಾನ ಕಳೆಯುತ್ತಿದ್ದೆವೋ ಅವಳು ಮೆಟ್ಟಿಲ ಮೇಲೆ ನಿಂತು, ಒಡೆದ ಬೊಬ್ಬೆಯ ಕಾಲಿನಲ್ಲಿ, ಐಡಹೊದ ಹುಡುಗಿಯ ಮುಂದೆ ನಮ್ಮ ಮಾನ ಕಾಯುತ್ತಿದ್ದಳು. ದಿನಕ್ಕೆ ಅದೆಷ್ಟು ಸಲವೋ. ನಮ್ಮ ಸಂಘದವರು ಯುಗಾದಿಗೆ ವೇದಿಕೆ ಹತ್ತಿ ಕನ್ನಡದ ಹಿರಿಮೆ ಹಾಡುತ್ತಾರಲ್ಲ, ಅವರಲ್ಲಿ ಒಬ್ಬರೂ ಅಷ್ಟು ದುಡಿದಿಲ್ಲ.

ಹೀಗೆ ಮೊದಲ ವಾರಗಳು ಕಳೆದವು. ಸೋಮವಾರ ಅವರಿಗೆ ಬಿಡುವು: ಬಟ್ಟೆ ಒಗೆಯುವುದು, ಗ್ರೋಸರಿ, ಮನೆಗೆ ವೀಡಿಯೊ ಕರೆ. ಪ್ರತಿ ಕರೆಯಲ್ಲೂ ಅಮ್ಮನ ಮುಖದ ಹಿಂದೆ, ನೆಲದ ಮೇಲೆ ಪೇಪರ್ ಹಾಸಿಕೊಂಡು ಯಾವುದೋ ಕಾರ್ಬ್ಯುರೇಟರ್ ತೊಳೆಯುತ್ತಿರುವ ಅಪ್ಪನ ಬೆನ್ನು. ಬೆನ್ನು ತಿರುಗುತ್ತಿರಲಿಲ್ಲ. "ಇನ್ನೂ ಇಲ್ವೇನೇ?" ಎಂದು ಅಮ್ಮ ಪಿಸುಗುಟ್ಟುವಳು. "ಇಲ್ಲ" ಎಂದು ಇವಳು ತಲೆಯಾಡಿಸುವಳು.

ಆಮೇಲೆ ಮಿಲ್ಪಿಟಾಸಿನ ಮನೆ ಬಂತು.

ಆ ದಿನ ಬಿಸಿಲು ಜೋರಾಗಿತ್ತು. ಇಬ್ಬರೂ ರೈಲಿನಲ್ಲಿ ಮಿಲ್ಪಿಟಾಸಿಗೆ ಹೋಗಿ ಒಂದು ಟೌನ್‌ಹೌಸ್ ಸಾಲಿನಲ್ಲಿ ನಡೆಯುತ್ತಿದ್ದರು. ಎಲ್ಲಕ್ಕೂ ಒಂದೇ ಬಣ್ಣದ ಬಾಗಿಲು. ಒಂದರ ಮುಂದೆ ಮಾತ್ರ ತೋರಣ, ಮತ್ತು ಗ್ಯಾರೇಜಿನೆದುರು ನಿಂತ ಕಾರಿನ ಹಿಂಗಾಜಿನಲ್ಲಿ ಹಳದಿ ಕೆಂಪು ಬಾವುಟದ ಸ್ಟಿಕರ್. ಅದನ್ನು ಕಂಡು ನಿಸರ್ಗಾ, "ಇದು ತೆಗೆಯುತ್ತೆ ನೋಡು" ಎಂದಳು. ಆ ದಿನ ಮೊದಲ ಸಲ ಗಂಟೆಯನ್ನು ತಾನೇ ಒತ್ತಿದಳು.

"ಎಸ್?" ಎಂದಿತು ಗಂಡು ದನಿ. ಲಾರ್ಸನ್ ತಮ್ಮ ಪರಿಚಯ ಹೇಳಿದಳು. ತನ್ನ ಮಾತು ಇನ್ನು ಹೊರಗೆ ಕೇಳಿಸದು ಎಂದು ಆ ಮನುಷ್ಯ ತಿಳಿದಿದ್ದ, ಬೆರಳು ಮಾತ್ರ ಗುಂಡಿಯ ಮೇಲೇ ಇತ್ತು. ಅವನಿದ್ದದ್ದು ಸ್ಯಾನ್ ಮಟಿಯೋದ ಆಫೀಸಿನಲ್ಲಿ. ಅಲ್ಲಿಂದಲೇ, ಸ್ಪೀಕರಿಗೆ ಹಾಕಿದ ಇನ್ನೊಂದು ಫೋನಿನಲ್ಲಿ, ಮನೆಯ ಮಹಡಿಯ ಮೇಲೆ ಕೆಲಸ ಮಾಡುತ್ತಿದ್ದ ಹೆಂಡತಿಗೆ ಹೇಳುತ್ತಿದ್ದ.

"ವಸುಧಾ, ಕೆಳಗಡೆ ಹೋಗ್ಬೇಡ. ಮತಾಂತರದೋರು ಬಂದಿದಾರೆ."

ಹೆಂಡತಿಯ ದನಿ ಸ್ವಲ್ಪ ದೂರದಿಂದ ಕೇಳಿಸಿತು. "ಕಿಟಕಿಯಿಂದ ಕಾಣ್ತಿದಾರೆ ಕಣೋ ಅಚ್ಯುತ. ಚಿಕ್ಕ ಹುಡುಗೀರು. ಮುಖ ಎಲ್ಲ ಕೆಂಪಾಗಿದೆ. ಒಂದೊಂದು ಬಾಟ್ಲು ನೀರು ಕೊಟ್ಟು ಕಳಿಸ್ಲಾ?"

ನಿಸರ್ಗಾ ಬಾಗಿಲ ಹಿಡಿಯನ್ನೇ ನೋಡಿದಳು.

"ಬೇಡ್ವೇ ಬೇಡ. ಇವತ್ತು ನೀರು ಕೊಟ್ರೆ ನಾಳೆ ಪುಸ್ತಕ ಕೊಡೋಕೆ ಬರ್ತಾರೆ. ತಡಿ, ಜೂಮ್ ಮಾಡ್ತೀನಿ... ಏ, ಆ ಕಪ್ಪು ಹುಡುಗಿ ಹೆಸರು ನೋಡೇ! ಹನುಮಂತರಾಜು! ನಮ್ ಕಡೇದು!"

"ಹೌದಾ? ಪಾಪ."

"ಏನು ಪಾಪ? ಹನುಮಂತರಾಜು ಅಂತ ಹೆಸರಿಟ್ಕೊಂಡು ಮಗಳನ್ನ ಅಕ್ಕಿ ಮೂಟೆಗೆ ಮಾರ್ಕೊಂಡಿದಾನಲ್ಲ, ಅವನೂ ಒಬ್ಬ ಅಪ್ಪನಾ? ಥೂ."

ಇದುವರೆಗೆ ಅವಳು ಎಲ್ಲವನ್ನೂ ನುಂಗಿದ್ದಳು. ಇದನ್ನು ನುಂಗಲಿಲ್ಲ. ಒಂದು ಹೆಜ್ಜೆ ಮುಂದೆ ಹೋಗಿ, ಆಸ್ಪತ್ರೆಯಲ್ಲಿ ಮುದುಕರ ಕಣ್ಣಿಗೆ ಬಾಗುತ್ತಿದ್ದ ಹಾಗೆ ಆ ಗಾಜಿನ ಕಣ್ಣಿಗೆ ಬಾಗಿ ಹೇಳಿದಳು.

"ನಮಸ್ಕಾರ ಸರ್. ನಂಗೆ ಕನ್ನಡ ಬರುತ್ತೆ. ನಮ್ಮಪ್ಪ ಚರ್ಚಿಗೆ ಬರೋದೇ ಇಲ್ಲ ಸರ್, ಶನಿವಾರ ಶನಿವಾರ ಆಂಜನೇಯನ ಗುಡಿಗೆ ಹೋಗ್ತಾರೆ. ನಾನು ಇಲ್ಲಿಗೆ ಬಂದಿರೋದು ಅವರಿಗೆ ಇಷ್ಟ ಇಲ್ಲ. ಬೈಯೋದಾದ್ರೆ ನನ್ನ ಬೈರಿ. ಅವ್ರನ್ನ ಬೈಬೇಡಿ."

ಉತ್ತರ ಬಂತು, ಇಂಗ್ಲಿಷಿನಲ್ಲಿ.

"ಸಾರಿ. ವಿ ಆರ್ ನಾಟ್ ಇಂಟರೆಸ್ಟೆಡ್. ಹ್ಯಾವ್ ಎ ಗುಡ್ ಡೇ."

ನೀಲಿ ಬೆಳಕು ಆರಿತು. ಮಹಡಿಯ ಮೇಲೆ ಪರದೆ ಅಲ್ಲಾಡಿ ಮುಚ್ಚಿಕೊಂಡಿತು.

ಅಲ್ಲ ಸ್ವಾಮಿ, ನನಗೆ ಒಂದು ಅರ್ಥವಾಗುವುದಿಲ್ಲ. ಬೆಂಗಳೂರಿನ ಮಾಲಿನಲ್ಲಿ ಯಾರೋ ಕನ್ನಡದಲ್ಲಿ ಉತ್ತರಿಸಲಿಲ್ಲ ಎಂದು ನಾವು ಇಲ್ಲಿ ಕೂತು ವಾಟ್ಸಾಪ್ ಗ್ರೂಪಿನಲ್ಲಿ ಬೆಂಕಿ ಹಚ್ಚುತ್ತೇವೆ. ಕನ್ನಡವೇ ಬಿಸಿಲಲ್ಲಿ ನಡೆದು ಬಂದು ನಮ್ಮ ಹೊಸಿಲ ಮುಂದೆ ನಿಂತು ನಮಸ್ಕಾರ ಸರ್ ಎಂದಾಗ, ಇಂಗ್ಲಿಷಿನ ಹಿಂದೆ ಬಚ್ಚಿಟ್ಟುಕೊಂಡೆವು. ಬೈಯುವುದಕ್ಕೆ ಕನ್ನಡ, ಬೈದದ್ದು ಕೇಳಿಸಿತೆಂದು ಗೊತ್ತಾದಾಗ ಇಂಗ್ಲಿಷ್. ಬಾವುಟ ಕಾರಿನ ಮೇಲೆ ಇರಲಿ, ಪರವಾಗಿಲ್ಲ, ಅದಕ್ಕೆ ಬಾಗಿಲು ತೆಗೆಯುವ ಕಷ್ಟವಿಲ್ಲ.

ಮಿಲ್ಪಿಟಾಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ನಿಸರ್ಗಾ ಶೂ ಬಿಚ್ಚಿದಳು. "ಏನಂದರು?" ಎಂದು ಲಾರ್ಸನ್ ಎಂದಿನಂತೆ ಕೇಳಿದಳು. ನಿಸರ್ಗಾ ಈ ಸಲ ಸುಳ್ಳು ಹೇಳಲಿಲ್ಲ. ಅಕ್ಕಿ ಮೂಟೆಯೆಂದರೆ ಅನ್ನದಾಸೆಗೆ ಧರ್ಮ ಬಿಟ್ಟವರೆಂಬ ಬೈಗುಳ ಎಂದು ವಿವರಿಸಿ ಹೇಳಿದಳು. ಆಮೇಲೆ ಹಿಂದಿನ ಮನೆಗಳದ್ದನ್ನೂ ಒಂದೊಂದಾಗಿ, ಸ್ಯಾಂಪಲ್ ಪೀಸ್‌ನಿಂದ ಹಿಡಿದು, ಹೇಳಿ ಮುಗಿಸಿದಳು. ಎರಡು ರೈಲು ಬಂದು ಹೋದವು.

"ಕುಕ್ಕರ್ ಮನೆಯವರು?" ಎಂದಳು ಲಾರ್ಸನ್.

"ಅದು ಮಾತ್ರ ನಿಜಕ್ಕೂ ತಮಾಷೆಯಾಗಿತ್ತು."

ಇಬ್ಬರೂ ನಕ್ಕರು. ಆ ನಗು ಹೆಚ್ಚು ದೂರ ಹೋಗಲಿಲ್ಲ. "ನಂಗೆ ಸಾಕಾಗಿದೆ, ಮನೆಗೆ ಹೋಗ್ಬೇಕು" ಎಂದಳು ನಿಸರ್ಗಾ. ಹಾಗೆ ನಡುವೆ ಬಿಟ್ಟು ಹೋಗುವವರು ಇದ್ದಾರೆ, ಯಾರೂ ಕಟ್ಟಿಹಾಕುವುದಿಲ್ಲ. ಲಾರ್ಸನ್ ದೇವರ ಮಾತು ಎತ್ತಲಿಲ್ಲ. ತನ್ನ ಚೀಲದಿಂದ ಬ್ಯಾಂಡೇಜು ತೆಗೆದು ಅವಳ ಹಿಮ್ಮಡಿಗೆ ಅಂಟಿಸಿ, "ಸೋಮವಾರ ಮನೆಯವರಿಗೆ ಹೇಳು. ನಾನು ಪಕ್ಕದಲ್ಲೇ ಕೂತಿರ್ತೀನಿ" ಎಂದಳು.

ಸೋಮವಾರ ಸಂಜೆ, ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆ. ಮಷಿನ್ನಿನೊಳಗೆ ಅವರಿಬ್ಬರ ಸ್ಕರ್ಟುಗಳು ಸುತ್ತುತ್ತಿದ್ದವು. ಸುಂಕದಕಟ್ಟೆಯಲ್ಲಿ ಅದು ಹಾಲಿನವನು ಬರುವ ಬೆಳಗು. ಫೋನಿನಲ್ಲಿ ಅಮ್ಮನ ಮುಖ, ಹಿಂದೆ ಅಪ್ಪನ ಬೆನ್ನು.

"ಯಾಕೇ ಹಿಂಗಾಗಿದೀಯಾ? ಕಣ್ಣು ನೋಡು ಗುಳಿ ಬಿದ್ದು." ಸ್ನೇಹಲತಾ ಫೋನನ್ನು ಬಾಯಿಯ ಹತ್ತಿರ ತಂದು ದನಿ ಇಳಿಸಿದರು. "ತೆಗೆದ್ರು ಅಂತ ಒಂದ್ಮಾತು ಹೇಳ್ಬಿಡೇ. ನೀರು ಕೊಟ್ರು ಅನ್ನು. ಎದ್ದು ಬಂದು ಮಾತಾಡ್ತಾರೆ. ರಾತ್ರಿ ಎಲ್ಲ ನಿನ್ನ ಫೋಟೋನೇ ನೋಡ್ತಿರ್ತಾರೆ, ನಾನು ಮಲಗಿದೀನಿ ಅಂದ್ಕೊಂಡು."

ಸುಳ್ಳು ಹೇಳಿ ಅವಳಿಗೆ ಈಗ ಒಳ್ಳೆಯ ಅಭ್ಯಾಸವಾಗಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಸುಳ್ಳಿಗೂ ಒಂದಷ್ಟು ಬಲ ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ. ಅಪ್ಪನ ಬೆನ್ನಿಗೆ ಕೇಳಿಸುವಂತೆ ಹೇಳಿದಳು: "ಇಲ್ಲಮ್ಮ. ನಮ್ಮೋರು ಒಬ್ರೂ ತೆಗೀಲಿಲ್ಲ."

ಬೆನ್ನು ತಿರುಗಿತು. ಹನುಮಂತರಾಜು ಎದ್ದು ಬಂದು ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡರು. ಪರದೆ ಕಪ್ಪಾಯಿತು.

"ಅಪ್ಪಾ, ಹೆಬ್ಬೆಟ್ಟು ತೆಗಿ. ಏನೂ ಕಾಣ್ತಿಲ್ಲ."

ಹೆಬ್ಬೆಟ್ಟು ಸರಿಯಿತು. ಗ್ರೀಸಿನ ಮಂಜಿನ ಹಿಂದೆ ಅಪ್ಪನ ಮುಖ.

"ಬಾಗ್ಲೇ ತೆಗೀಲಿಲ್ವಾ?"

"ಇಲ್ಲ."

"ನೀರು?"

"ಇಲ್ಲಪ್ಪ."

"ಅಯ್ಯೋ, ನಾನು ಕೋಪಕ್ಕೆ ಅಂದಿದ್ದು ಕಣೇ" ಎಂದರು ಹನುಮಂತರಾಜು. "ನೀರೂ ಕೊಡಲ್ಲ ಅಂತ ನಂಗೇನು ಗೊತ್ತು? ಕೊಟ್ಟೇ ಕೊಡ್ತಾರೆ, ಒಂದು ವಾರದಾಗೆ ಫೋನಿಗೆ ಹೋಗ್ಬೋದು ಅಂತ ಅಂದ್ಕೊಂಡಿದ್ದೆ."

ಮಗಳು ಫೋನನ್ನು ಮುಖದ ಹತ್ತಿರ ತಂದುಕೊಂಡಳು.

"ಏನಂದ್ರು ಮತ್ತೆ?"

"ಇಂಟರೆಸ್ಟ್ ಇಲ್ಲ ಅಂದ್ರು."

"ನಿನ್ನ ಎದೆ ಮ್ಯಾಲೆ ನನ್ನ ಹೆಸರೈತಲ್ಲ, ಓದುದ್ರಾ?"

"ಓದಿದ್ರು." ಮಷಿನ್ನಿನೊಳಗೆ ಸ್ಕರ್ಟುಗಳು ಸುತ್ತುತ್ತಲೇ ಇದ್ದವು. "ಒಳ್ಳೆ ಹೆಸರು ಅಂದ್ರು."

ಹನುಮಂತರಾಜು ಮಗಳ ಮುಖವನ್ನೇ ನೋಡಿದರು. "ಸುಳ್ಳು ಹೇಳೋದು ನಿಮ್ಮ ಚರ್ಚಲ್ಲಿ ತಪ್ಪಲ್ವಾ?"

ಅಲ್ಲಿಗೆ ಅವಳ ಕಟ್ಟೆ ಒಡೆಯಿತು. "ಬಂದ್ಬಿಡ್ಲಾಪ್ಪ? ಕಾಲು ಸೋತೋಗಿದೆ."

ಬಾ ಎನ್ನುತ್ತಾರೆಂದು ಅವಳಿಗೆ ಖಾತ್ರಿಯಿತ್ತು. ಅವರ ಬಾಯಲ್ಲೂ ಅದೇ ಇತ್ತು, ಪಕ್ಕದಲ್ಲಿ ನಿಂತ ಸ್ನೇಹಲತಾಗೆ ಕಾಣುತ್ತಿತ್ತು. ಆದರೆ ಹನುಮಂತರಾಜು ಅಂಗಿಯ ತುದಿಯಿಂದ ಫೋನಿನ ಗ್ರೀಸು ಒರೆಸಿದರು, ಸರಿಯಾಗಿ ಕಾಣಲೆಂದು.

"ನಿಮ್ಮ ಚರ್ಚು ಗಿರ್ಚು ನಂಗೆ ಬ್ಯಾಡ. ಒಂದು ಕೆಲ್ಸ ಮಾಡು. ನನ್ನ ಹೆಸರು ಓದುದ್ರಲ್ಲ, ಅದೇ ಮನೆಗೆ ಇನ್ನೊಂದು ಕಿತ ಹೋಗು. ದೇವ್ರ ಮಾತು ಎತ್ತಬ್ಯಾಡ. ನಾನು ಸುಂಕದಕಟ್ಟೆ ಹನುಮಂತರಾಜು ಮಗಳು, ಕುಡಿಯಕ್ಕೆ ನೀರು ಕೊಡಿ ಅನ್ನು. ಕೊಟ್ರೆ ಇದ್ಕೊಂಡು ನಿನ್ನ ಕೆಲ್ಸ ಮುಗ್ಸು, ನಾನು ವಾರವಾರ ಫೋನಿಗೆ ಬತ್ತೀನಿ. ಕೊಡ್ಲಿಲ್ವಾ, ಗಂಟುಮೂಟೆ ಕಟ್ಕೊಂಡು ಬಂದ್ಬುಡು. ನೀರು ಕೊಡದ ಊರಾಗೆ ನನ್ನ ಮಗಳು ಇರೋದು ಬ್ಯಾಡ."

ಪಕ್ಕದಲ್ಲೇ ಕೂತಿದ್ದ ಲಾರ್ಸನ್‌ಗೆ ಈ ಸಲ ನಿಸರ್ಗಾ ಅಪ್ಪನ ಮಾತನ್ನು ಪೂರ್ತಿ ಸರಿಯಾಗಿ ತಿಳಿಸಿದಳು. ಬೇಡ ಎಂದವರ ಮನೆಗೆ ಮತ್ತೆ ಹೋಗುವುದು ಸರಿಯೇ ಎಂದು ಲಾರ್ಸನ್ ಯೋಚಿಸಿದಳು. ಆಮೇಲೆ ಪುಸ್ತಕಗಳನ್ನೆಲ್ಲ ಚೀಲದೊಳಗೆ ಹಾಕಿ ಜಿಪ್ ಎಳೆದಳು. "ಪಾಠ ಇಲ್ಲ. ನೀರು ಮಾತ್ರ" ಎಂದಳು.

ಹೋದರು. ಅದೇ ರೈಲು, ಅದೇ ಬಿಸಿಲು, ಅದೇ ಸಾಲು. ಕಾರಿನ ಮೇಲೆ ಬಾವುಟ ಇದೆ. ಮಹಡಿಯ ಕಿಟಕಿಯ ಹಿಂದೆ ವಸುಧಾ ಇದ್ದಾಳೆ, ಲ್ಯಾಪ್‌ಟಾಪಿನ ಬೆಳಕು ಪರದೆಯ ಮೇಲೆ ಬಿದ್ದಿದೆ. ನಿಸರ್ಗಾ ಸೋತ ಕಾಲಿನಿಂದ ಭಾರ ತೆಗೆದು ಇನ್ನೊಂದರ ಮೇಲೆ ನಿಂತಿದ್ದಾಳೆ. ಗಂಟೆ ಒತ್ತಿದ್ದಾಳೆ. ನೀಲಿ ಬೆಳಕು ಸುತ್ತುತ್ತಿದೆ. ಸ್ಯಾನ್ ಮಟಿಯೋದಲ್ಲಿ ಅಚ್ಯುತನ ಮೇಜಿನ ಮೇಲೆ ಫೋನು ನಡುಗುತ್ತಿದೆ.

ಇದರ ಮುಂದಿನದನ್ನು ನಾನು ಬರೆಯಲಾರೆ, ಏಕೆಂದರೆ ಆ ಮನೆ ನಿಮ್ಮದು. ನಿಮಗೆ ಅವಳ ದೇವರು ಬೇಡವೇ? ಬೇಡ ಎನ್ನಿ, ಹನುಮಂತರಾಜು ಅಂದ ಹಾಗೆ ಎದ್ದು ನಿಂತು, ಮುಖ ನೋಡಿ, ಕನ್ನಡದಲ್ಲಿ ಹೇಳಿ. ಅದಕ್ಕೆ ಮೊದಲು ಫೋನು ಕೆಳಗಿಡಿ. ಮೆಟ್ಟಿಲಿಳಿದು ಹೋಗಿ ಬಾಗಿಲು ತೆಗೆಯಿರಿ. ಹುಡುಗಿಗೆ ನೀರು ಕೊಡಿ.